ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ ಕಾವಿನ ಪರೀಕ್ಷೆ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವವರು ಅದನ್ನು ಕೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದನ್ನು ವಾಚಕರೆಲ್ಲರೂ ಕಂಡಿರಬಹುದು. ನಾದವು ಸ್ಪಷ್ಟವಾಗಿದ್ದರೆ ಮಡಕೆ ಗಟ್ಟಿಯೆಂದೂ ದನಿ ಒಡೆದಿದ್ದರೆ ಕಣ್ಣಿಗೆ ಕಾಣದ ಬಿರುಕೊಂದು ಎಲ್ಲಿಯೋ ಉಂಟೆಂದೂ ತಿಳಿಯುತ್ತದೆ. ಈ ಸರಳ ಪರೀಕ್ಷೆಯಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಪೆಟ್ಟು ನಾದವನ್ನು ಹೊರಡಿಸುವಷ್ಟು ಬಲವಾಗಿರಬೇಕಲ್ಲದೆ ಮಡಕೆಯನ್ನು ಒಡೆಯುವಷ್ಟು ಬಲವಾಗಿರಕೂಡದು, ಇದು ಮೊದಲನೆಯದು. ತಟ್ಟಿದವನಿಗೆ ಆ ನಾದದ ಅರ್ಥ ತಿಳಿದಿರಬೇಕು, ಇದು ಎರಡನೆಯದು.

ಕುಂಬಾರಿಕೆಗೆ ಹೆಸರಾದ ಖಾನಾಪುರವು ಬೆಳಗಾವಿಗೆ ಸಮೀಪದ ಊರು. ಆದರೆ ಬೆಳಗಾವಿಯ ಹಿಂದವಾಡಿಯಂತಹ ಬಡಾವಣೆಗಳಲ್ಲಿ ಇಂದು ವಿದ್ಯಾರ್ಥಿಗಳು ತಟ್ಟಿ ನೋಡಬೇಕಾಗಿರುವ ವಸ್ತು ಬೇರೆ. ಎಂಜಿನಿಯರಿಂಗ್ ಕಾಲೇಜುಗಳಿರುವ ಉದ್ಯಮಬಾಗ ಇಲ್ಲಿಂದ ದೂರವಲ್ಲ. ಯಂತ್ರಭಾಗಗಳ ನಕ್ಷೆಗಳನ್ನು ರಚಿಸಲು, ಕೃತಕ ಬುದ್ಧಿಮತ್ತೆಯ ಲೆಕ್ಕಗಳನ್ನು ಬಿಡಿಸಲು, ಬಿಡುವಿನ ವೇಳೆಯಲ್ಲಿ ಆಟವಾಡಲು, ಗ್ರಾಫಿಕ್ಸ್ ಕಾರ್ಡುಳ್ಳ ಲ್ಯಾಪ್‌ಟಾಪು ಅವರಿಗೆ ಬೇಕಾಗುತ್ತದೆ. ಹೊಸ ಯಂತ್ರದ ಬೆಲೆಯೆಂದರೆ ಎಷ್ಟೋ ಮನೆಗಳಲ್ಲಿ ಹಲವು ತಿಂಗಳುಗಳ ಸಂಪಾದನೆ. ಆದಕಾರಣ ಅನೇಕರು ಮತ್ತೊಬ್ಬರು ಬಳಸಿದ ಯಂತ್ರವನ್ನು ಕೊಳ್ಳುತ್ತಾರೆ. ಇದ್ದುದನ್ನೇ ಶುದ್ಧಿಮಾಡಿಸಿ, ದುರಸ್ತಿ ಮಾಡಿಸಿ ಬಳಸುವವರೂ ಉಂಟು. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ದೋಷವಿದ್ದರೆ ಅದು ಪ್ರಕಟವಾಗುವುದು ಗ್ರಾಫಿಕ್ಸ್ ಕಾರ್ಡು ಪೂರ್ಣಶಕ್ತಿಯಿಂದ ದುಡಿದು ಕಾದಾಗ ಮಾತ್ರ. ಆದುದರಿಂದ ಅದನ್ನು ಬೇಕೆಂದೇ ದುಡಿಸಿ, ಕಾಯಿಸಿ, ಅದರ ಆರೋಗ್ಯವನ್ನು ಪರೀಕ್ಷಿಸುವ ಪದ್ಧತಿ ಬೆಳೆದಿದೆ. ಈ ಪರೀಕ್ಷೆಯನ್ನು ಅಪಾಯವಿಲ್ಲದಂತೆ ನಡೆಸುವುದು ಹೇಗೆ, ಅದು ಕೊಡುವ ಉತ್ತರವನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಶಾಖವು ಹುಟ್ಟುವ ಬಗೆ

ಲ್ಯಾಪ್‌ಟಾಪಿನ ತೆರೆಯ ಮೇಲೆ ಕಾಣುವ ಚಿತ್ರವು ಸಣ್ಣ ಸಣ್ಣ ಬಿಂದುಗಳಿಂದ ಆದುದು. ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುವ ತೆರೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗುವುದಾದರೆ ಸೆಕೆಂಡೊಂದಕ್ಕೆ 12 ಕೋಟಿಗೂ ಮಿಕ್ಕಿ ಬಿಂದುಗಳ ಬಣ್ಣವನ್ನು ಲೆಕ್ಕ ಹಾಕಬೇಕಾಗುತ್ತದೆ. ಒಬ್ಬ ಚತುರ ಗಣಿತಜ್ಞನಿಗಿಂತ ಸಾವಿರಾರು ಸಾಧಾರಣ ಗುಮಾಸ್ತರು ಒಟ್ಟಿಗೆ ಕುಳಿತು ಮಾಡಿದರೆ ಬೇಗ ಮುಗಿಯುವ ಕೆಲಸವಿದು. ಗ್ರಾಫಿಕ್ಸ್ ಚಿಪ್ಪು ಅಂತಹ ಗುಮಾಸ್ತರ ಕಚೇರಿ. 2023ರಲ್ಲಿ ಹೊರಬಂದ ಆರ್‌ಟಿಎಕ್ಸ್ 4060 ಎಂಬ ಲ್ಯಾಪ್‌ಟಾಪ್ ಕಾರ್ಡನ್ನೇ ತೆಗೆದುಕೊಳ್ಳಿ. ಅದರ ಚಿಪ್ಪಿನ ವಿಸ್ತೀರ್ಣ ಸುಮಾರು 160 ಚದರ ಮಿಲಿಮೀಟರು, ಎಂದರೆ ಹೆಬ್ಬೆರಳ ಉಗುರಿನಷ್ಟು. ಅಷ್ಟರಲ್ಲಿ ಸುಮಾರು 1,890 ಕೋಟಿ ಟ್ರಾನ್ಸಿಸ್ಟರುಗಳೂ 3,072 ಲೆಕ್ಕದ ಘಟಕಗಳೂ ಅಡಗಿವೆ. ಈ ಬಗೆಯ ಚಿಪ್ಪುಗಳು ಇಂದು ಚಿತ್ರರಚನೆಗೆ ಮಾತ್ರ ಮೀಸಲಾಗಿಲ್ಲ. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಮಹಾಗಣಕದ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳು. ಅದರಲ್ಲಿಯೂ ಇದೇ ಜಾತಿಯ ಚಿಪ್ಪುಗಳು ದುಡಿಯುತ್ತವೆ.

ಟ್ರಾನ್ಸಿಸ್ಟರೊಂದು ತೆರೆದು ಮುಚ್ಚುವಾಗಲೆಲ್ಲ ಅತಿ ಸೂಕ್ಷ್ಮವಾದ ವಿದ್ಯುದಂಶವನ್ನು ತುಂಬಿಕೊಂಡು ಬರಿದಾಗುತ್ತದೆ. ಆ ಕ್ರಿಯೆಯಲ್ಲಿ ವ್ಯಯವಾಗುವ ವಿದ್ಯುಚ್ಛಕ್ತಿ ಶಾಖವಾಗಿ ಮಾರ್ಪಡುತ್ತದೆ. ವಿದ್ಯುತ್ ಪ್ರವಾಹವು ತಂತಿಯಲ್ಲಿ ಹರಿಯುವಾಗ ಹುಟ್ಟುವ ಶಾಖವನ್ನು ಜೂಲನು 1840ರ ದಶಕದಲ್ಲಿ ಅಳೆದು ತೋರಿಸಿದ ಸಂಗತಿಯನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ವಿದ್ಯುತ್ ಮೋಟಾರಿನಲ್ಲಿ ಶಕ್ತಿಯ ಬಹುಭಾಗ ಚಲನೆಯಾಗುತ್ತದೆ. ಚಿಪ್ಪಿನಲ್ಲಿಯಾದರೋ ಚಲನೆಯೂ ಇಲ್ಲ, ಬೆಳಕೂ ಇಲ್ಲ; ಒಳಹೊಕ್ಕ ಶಕ್ತಿಯೆಲ್ಲವೂ ಕಟ್ಟಕಡೆಗೆ ಶಾಖವೇ. 80 ವಾಟ್ ವಿದ್ಯುತ್ತನ್ನು ಬಳಸುವ ಚಿಪ್ಪು 80 ವಾಟಿನ ಒಲೆಯೂ ಹೌದು.

ಈ ಒಲೆಯ ಉರಿಯನ್ನು ನಿರ್ಧರಿಸುವ ನಿಯಮ ಸರಳವಾಗಿದೆ. ವಿದ್ಯುತ್ ವ್ಯಯವು ವೋಲ್ಟೇಜಿನ ವರ್ಗಕ್ಕೂ ಚಿಪ್ಪು ಮಿಡಿಯುವ ಆವೃತ್ತಿಗೂ ಅನುಪಾತದಲ್ಲಿರುತ್ತದೆ. ವೋಲ್ಟೇಜನ್ನೂ ಆವೃತ್ತಿಯನ್ನೂ ಶೇಕಡಾ 10ರಷ್ಟು ಇಳಿಸಿದರೆ ವ್ಯಯವು 0.9 × 0.9 × 0.9, ಎಂದರೆ ಸುಮಾರು 0.73ರಷ್ಟಾಗುತ್ತದೆ. ವೇಗದಲ್ಲಿ ಹತ್ತನೆಯ ಒಂದು ಪಾಲನ್ನು ಬಿಟ್ಟುಕೊಟ್ಟರೆ ಶಾಖದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಈ ಅಂಶವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ನಮಗೆ ಬೇಕಾಗುತ್ತದೆ.

ಒಟ್ಟು ಶಾಖಕ್ಕಿಂತ ಅದು ಹುಟ್ಟುವ ಸ್ಥಳದ ಇಕ್ಕಟ್ಟೇ ದೊಡ್ಡ ತೊಡಕು. ಇಸ್ತ್ರಿ ಪೆಟ್ಟಿಗೆ 1,000 ವಾಟಿನದಾದರೂ ಅದರ ತಳದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರು. ಎಂದರೆ ಚದರ ಸೆಂಟಿಮೀಟರಿಗೆ 5 ವಾಟ್. ನಮ್ಮ ಚಿಪ್ಪಿನಲ್ಲಿ 80 ವಾಟ್ ಹೊರಡುವುದು 1.6 ಚದರ ಸೆಂಟಿಮೀಟರಿನಿಂದ. ಎಂದರೆ ಚದರ ಸೆಂಟಿಮೀಟರಿಗೆ 50 ವಾಟ್, ಇಸ್ತ್ರಿ ಪೆಟ್ಟಿಗೆಯ ಹತ್ತು ಪಟ್ಟು. ಚಿಪ್ಪಿನ ಸಿಲಿಕಾನಿನ ತೂಕ ಗ್ರಾಮಿನ ಮೂರನೆಯ ಒಂದು ಪಾಲಿನಷ್ಟು. ಶಾಖಕ್ಕೆ ಹೊರದಾರಿಯೇ ಇಲ್ಲದಿದ್ದರೆ ಅದರ ಉಷ್ಣತೆ ಮೊದಲ ಕ್ಷಣಗಳಲ್ಲಿ ಸೆಕೆಂಡಿಗೆ 300 ಡಿಗ್ರಿಗಳಿಗಿಂತ ಹೆಚ್ಚಿನ ವೇಗದಲ್ಲಿ ಏರಬೇಕೆಂದು ಲೆಕ್ಕದಿಂದ ಕಾಣುತ್ತದೆ. ಹಾಗೆ ಆಗದಿರುವುದಕ್ಕೆ ಶಾಖದ ಹೊರದಾರಿಯೇ ಕಾರಣ.

ಶಾಖವು ಹೊರಹೋಗುವ ದಾರಿ

ಈ ದಾರಿಯಲ್ಲಿ ನಾಲ್ಕು ಘಟ್ಟಗಳಿವೆ. ಮೊದಲನೆಯದು ಚಿಪ್ಪಿಗೂ ಅದರ ಮೇಲೆ ಒತ್ತಿಕೊಂಡಿರುವ ತಾಮ್ರದ ತಗಡಿಗೂ ನಡುವಿನ ಲೇಪ. ಎರಡು ಲೋಹಗಳ ಮೈ ಎಷ್ಟು ನುಣುಪಾಗಿದ್ದರೂ ಅವುಗಳ ನಡುವೆ ಗಾಳಿ ಉಳಿಯುತ್ತದೆ. ಗಾಳಿಯು ಅತ್ಯಂತ ಕೆಟ್ಟ ಶಾಖವಾಹಕ. ಅದನ್ನು ಹೊರಗಟ್ಟಲೆಂದೇ ಲೇಪವನ್ನು ಬಳಸುತ್ತಾರೆ. ಇದರ ದಪ್ಪ 0.05 ಮಿಲಿಮೀಟರು ಎಂದಿಟ್ಟುಕೊಂಡರೆ, ಒಳ್ಳೆಯ ಲೇಪದ ಮೂಲಕ 80 ವಾಟ್ ಹಾಯುವಾಗ ಉಷ್ಣತೆಯಲ್ಲಿ ಸುಮಾರು 5 ಡಿಗ್ರಿಗಳ ಅಂತರ ಉಂಟಾಗುತ್ತದೆ. ಅದೇ ಜಾಗದಲ್ಲಿ ಬರಿಯ ಗಾಳಿಯಿದ್ದರೆ ಲೆಕ್ಕದ ಅಂತರ 900 ಡಿಗ್ರಿಗಳನ್ನು ಮೀರುತ್ತದೆ! ವರ್ಷಗಳು ಕಳೆದಂತೆ ಲೇಪವು ಒಣಗಿ ಬಿರುಕು ಬಿಟ್ಟಾಗ ಗಾಳಿಯು ಮರಳಿ ಸೇರಿಕೊಳ್ಳುವುದು ಏಕೆ ಅಪಾಯಕರವೆಂಬುದು ಇದರಿಂದ ವಿಶದವಾಗುತ್ತದೆ. ಅನೇಕ ಲೇಪಗಳಲ್ಲಿ ಬೆರೆಸುವ ಬಿಳಿಯ ಪುಡಿ ಅಲ್ಯೂಮಿನಾ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತಯಾರಾಗುವ ವಸ್ತುವೂ ಅದೇ.

ಎರಡನೆಯ ಘಟ್ಟವು ಶಾಖನಳಿಗೆ. ಇದು ಒಳಗೆ ಸ್ವಲ್ಪವೇ ನೀರಿರುವ, ಗಾಳಿಯನ್ನು ತೆಗೆದು ಮುಚ್ಚಿದ ತಾಮ್ರದ ಚಪ್ಪಟೆ ಕೊಳವೆ. ಚಿಪ್ಪಿನ ಬಳಿಯ ತುದಿಯಲ್ಲಿ ನೀರು ಆವಿಯಾಗಿ, ಇನ್ನೊಂದು ತುದಿಗೆ ಧಾವಿಸಿ, ಅಲ್ಲಿ ಮತ್ತೆ ನೀರಾಗಿ, ಬತ್ತಿಯಂತಹ ಒಳಪದರದ ಮೂಲಕ ಹಿಂದಿರುಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಗುಪ್ತೋಷ್ಣ ಬೇಕು. ಆದುದರಿಂದ 80 ವಾಟ್ ಶಾಖವನ್ನು ಸಾಗಿಸಲು ಸೆಕೆಂಡಿಗೆ 33 ಮಿಲಿಗ್ರಾಂ ನೀರು ಆವಿಯಾದರೆ ಸಾಕು. ಒಂದೂವರೆ ಸೆಕೆಂಡಿಗೆ ಒಂದು ಹನಿಯೆನ್ನಬಹುದು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ರೂಪಿಸಿದ ಈ ಸಾಧನವು ಇಂದು ಸಹಸ್ರಾರು ವಿದ್ಯಾರ್ಥಿಗಳ ಮೇಜಿನ ಮೇಲಿದೆ.

ಮೂರನೆಯ ಘಟ್ಟವು ತಾಮ್ರ ಅಥವಾ ಅಲ್ಯೂಮಿನಿಯಮಿನ ತೆಳು ರೆಕ್ಕೆಗಳು. ನಾಲ್ಕನೆಯದು ಅವುಗಳ ನಡುವೆ ಗಾಳಿಯನ್ನು ಊದುವ ಪಂಖ. ಚಿಪ್ಪು, ಪ್ರಧಾನ ಸಂಸ್ಕಾರಕ ಮುಂತಾದುವು ಸೇರಿ 120 ವಾಟ್ ಶಾಖ ಹೊರಬೀಳುವುದೆಂದೂ ಗಾಳಿಯು 20 ಡಿಗ್ರಿಗಳಷ್ಟು ಬಿಸಿಯಾಗಿ ಹೊರಬರುವುದೆಂದೂ ಇಟ್ಟುಕೊಂಡರೆ ಸೆಕೆಂಡಿಗೆ 6 ಗ್ರಾಂ ಗಾಳಿ ಹರಿಯಬೇಕಾಗುತ್ತದೆ. ರೆಕ್ಕೆಗಳ ಸಂದಿಯಲ್ಲಿ ಬಟ್ಟೆಯ ತಂತುವೂ ಧೂಳೂ ಸೇರಿ ಕಂಬಳಿಯಂತೆ ಕಟ್ಟಿಕೊಂಡರೆ ಪಂಖವು ಎಷ್ಟು ಗದ್ದಲಮಾಡಿದರೂ ಗಾಳಿ ಹರಿಯದು.

ಬೆಳಗಾವಿಯ ಗಾಳಿ

ಗಾಳಿಯ ವಿಷಯ ಬಂದುದರಿಂದ ಒಂದು ಸ್ಥಳೀಯ ವಿಶೇಷವನ್ನು ಹೇಳಬೇಕು. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ. ಇಲ್ಲಿಯ ವಾಯುಭಾರವು ಕಡಲತಡಿಯ ಪಣಜಿಗಿಂತ ಶೇಕಡಾ 8ರಿಂದ 9ರಷ್ಟು ಕಡಮೆ. ಒಂದೇ ಉಷ್ಣತೆಯಲ್ಲಿ ಗಾಳಿಯ ಸಾಂದ್ರತೆಯೂ ಅಷ್ಟೇ ಕಡಮೆ. ಪಂಖವು ಊದುವುದು ಗಾಳಿಯ ಗಾತ್ರವನ್ನು. ಶಾಖವನ್ನು ಹೊರುವುದಾದರೋ ಗಾಳಿಯ ರಾಶಿ. ಪಣಜಿಯಲ್ಲಿ 20 ಡಿಗ್ರಿ ಬಿಸಿಯಾಗಿ ಹೊರಬರುವ ಗಾಳಿಯು, ಪಂಖದ ವೇಗ ಒಂದೇ ಆಗಿದ್ದರೆ, ಬೆಳಗಾವಿಯಲ್ಲಿ ಸುಮಾರು 22 ಡಿಗ್ರಿ ಬಿಸಿಯಾಗುತ್ತದೆ. ಎತ್ತರದಿಂದ ಆಗುವ ನಷ್ಟ ಎರಡೇ ಡಿಗ್ರಿ. ಋತುಮಾನದಿಂದ ಆಗುವ ವ್ಯತ್ಯಾಸ ಇದಕ್ಕಿಂತ ಬಹಳ ದೊಡ್ಡದು. ಹಿಂದವಾಡಿಯ ಕೋಣೆಯೊಂದರಲ್ಲಿ ಡಿಸೆಂಬರಿನ ಮುಂಜಾನೆಗೂ ಏಪ್ರಿಲಿನ ಮಧ್ಯಾಹ್ನಕ್ಕೂ ಹತ್ತು ಹದಿನೈದು ಡಿಗ್ರಿಗಳ ಅಂತರವಿರುವುದು ಆಶ್ಚರ್ಯವಲ್ಲ. ಕೋಣೆಯ ಉಷ್ಣತೆ ಎಷ್ಟು ಏರಿದರೆ ಚಿಪ್ಪಿನ ಉಷ್ಣತೆಯೂ ಹೆಚ್ಚುಕಡಮೆ ಅಷ್ಟೇ ಏರುತ್ತದೆ. ಇದನ್ನು ಮರೆತವರು ಆರೋಗ್ಯವಾದ ಯಂತ್ರವನ್ನು ರೋಗಿಯೆಂದೂ ರೋಗದ ಯಂತ್ರವನ್ನು ಆರೋಗ್ಯವಂತನೆಂದೂ ತೀರ್ಮಾನಿಸುವ ಸಂಭವವುಂಟು.

ಉಷ್ಣತೆಯೊಂದೇ ಸಾಲದು

ಚಿಪ್ಪಿನೊಳಗೆ ಉಷ್ಣಮಾಪಕಗಳಿವೆ. ಅರೆವಾಹಕ ಸಂಧಿಯೊಂದರಲ್ಲಿ ಗೊತ್ತಾದ ಪ್ರವಾಹ ಹರಿಯುವಾಗ ಅದರ ವೋಲ್ಟೇಜು ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಈ ಇಳಿತವನ್ನು ಅಳೆದು ಉಷ್ಣತೆಯನ್ನು ತಿಳಿಯುತ್ತಾರೆ. ಜಿಪಿಯು-ಝಡ್, ಎಚ್‌ಡಬ್ಲ್ಯುಇನ್ಫೊ ಮುಂತಾದ ತಂತ್ರಾಂಶಗಳು ಈ ಅಂಕಿಯನ್ನು ತೆರೆಯ ಮೇಲೆ ತೋರಿಸುತ್ತವೆ. ಜನರು ಸಾಮಾನ್ಯವಾಗಿ ಈ ಒಂದು ಅಂಕಿಯನ್ನು ಮಾತ್ರ ನೋಡುತ್ತಾರೆ. ತಪ್ಪು ನಡೆಯುವುದು ಇಲ್ಲಿಯೇ.

ಚಿಪ್ಪು ತನ್ನನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯುಳ್ಳದ್ದು. ನಿರ್ಮಾಪಕರು ಗೊತ್ತುಮಾಡಿದ ಮೇರೆಯನ್ನು ಮುಟ್ಟಿದೊಡನೆ ಅದು ತನ್ನ ವೋಲ್ಟೇಜನ್ನೂ ಆವೃತ್ತಿಯನ್ನೂ ತಗ್ಗಿಸುತ್ತದೆ. ಈ ಮೇರೆ ಲ್ಯಾಪ್‌ಟಾಪುಗಳಲ್ಲಿ ಬಹುಮಟ್ಟಿಗೆ 85ರಿಂದ 90 ಡಿಗ್ರಿಗಳ ಸಮೀಪದಲ್ಲಿರುತ್ತದೆ. ಆಗ, ಹಿಂದೆ ಹೇಳಿದ ನಿಯಮದಂತೆ, ಶಾಖವು ಬಹಳವಾಗಿ ಕುಗ್ಗಿ ಉಷ್ಣತೆಯು ಮೇಲೇರದೆ ನಿಲ್ಲುತ್ತದೆ. ಹೊರಗಿನಿಂದ ನೋಡುವವನಿಗೆ ‘86 ಡಿಗ್ರಿಯಲ್ಲಿ ಸ್ಥಿರವಾಗಿದೆ, ಒಳ್ಳೆಯದು’ ಎನಿಸುತ್ತದೆ. ವಾಸ್ತವವಾಗಿ ಯಂತ್ರವು ಏದುಸಿರು ಬಿಟ್ಟು ನಡಿಗೆಯನ್ನು ನಿಧಾನಮಾಡಿಕೊಂಡಿರುತ್ತದೆ.

ಹಾಗಾದರೆ ನೋಡಬೇಕಾದುದು ಯಾವುದನ್ನು? ಓಮನ ನಿಯಮವನ್ನು ಸ್ಮರಿಸಿಕೊಳ್ಳಿ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ವಿದ್ಯುದ್ರೋಧ ಬರುತ್ತದೆ. ಅದೇ ರೀತಿಯಲ್ಲಿ ಚಿಪ್ಪಿಗೂ ಕೋಣೆಗೂ ಇರುವ ಉಷ್ಣತೆಯ ಅಂತರವನ್ನು, ಹರಿಯುತ್ತಿರುವ ಶಾಖದ ವಾಟುಗಳಿಂದ ಭಾಗಿಸಿದರೆ ದೊರೆಯುವುದು ಶಾಖರೋಧ. ಲೇಪ, ನಳಿಗೆ, ರೆಕ್ಕೆ, ಪಂಖ ಇವೆಲ್ಲವೂ ಸೇರಿದ ದಾರಿಯು ಎಷ್ಟು ಸುಗಮವೆಂಬುದನ್ನು ಈ ಒಂದೇ ಸಂಖ್ಯೆ ಹೇಳುತ್ತದೆ.

ಮೂರು ಕಲ್ಪಿತ ನಿದರ್ಶನಗಳನ್ನು ನೋಡೋಣ. ಮೊದಲನೆಯದರಲ್ಲಿ ಕೋಣೆ 26 ಡಿಗ್ರಿ, ಚಿಪ್ಪು 78 ಡಿಗ್ರಿ, ವ್ಯಯ 80 ವಾಟ್. ಅಂತರ 52; ಶಾಖರೋಧ ವಾಟಿಗೆ 0.65 ಡಿಗ್ರಿ. ಎರಡನೆಯದು ಅದೇ ಯಂತ್ರ, ಏಪ್ರಿಲಿನಲ್ಲಿ: ಕೋಣೆ 34, ಚಿಪ್ಪು 86, ವ್ಯಯ 80 ವಾಟ್. ಅಂತರ ಮತ್ತೆ 52. ಶಾಖರೋಧ ಮತ್ತೆ 0.65. ಮೂರನೆಯದು ಮಾರಾಟಕ್ಕೆ ಬಂದಿರುವ, ಅದೇ ಮಾದರಿಯ ಬೇರೊಂದು ಯಂತ್ರ: ಕೋಣೆ 26, ಚಿಪ್ಪು 86, ವ್ಯಯ 60 ವಾಟ್ ಮಾತ್ರ. ಅಂತರ 60, ಶಾಖರೋಧ 1.0. ಎರಡನೆಯದರಲ್ಲಿಯೂ ಮೂರನೆಯದರಲ್ಲಿಯೂ ತೆರೆಯ ಮೇಲೆ ಕಂಡ ಉಷ್ಣತೆ ಒಂದೇ, 86 ಡಿಗ್ರಿ. ಆದರೆ ಎರಡನೆಯ ಯಂತ್ರದಲ್ಲಿ ಯಾವ ಕೆಡುಕೂ ಇಲ್ಲ, ಬೇಸಗೆ ಬಂದಿದೆ ಅಷ್ಟೆ. ಮೂರನೆಯದರ ದಾರಿ ಕಟ್ಟಿಕೊಂಡಿದೆ. ಲೇಪ ಒಣಗಿರಬೇಕು, ರೆಕ್ಕೆಗಳಲ್ಲಿ ಧೂಳು ಕೂಡಿರಬೇಕು, ಇಲ್ಲವೆ ಪಂಖ ಸೋತಿರಬೇಕು. ಒಂದೇ ಜ್ವರದ ಅಂಕಿಗೆ ಎರಡು ವಿರುದ್ಧ ನಿದಾನಗಳು! ಕಾವಿನ ಪರೀಕ್ಷೆಯ ಸಾರವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಪರೀಕ್ಷೆಗೆ ಮುನ್ನ

ಪರೀಕ್ಷೆಗೆ ಮೊದಲು ಯಂತ್ರವನ್ನು ಕಣ್ಣಿನಿಂದ ನೋಡಬೇಕು. ತಳ ಉಬ್ಬಿದೆಯೇ, ಕೀಲಿಮಣೆ ಮೇಲೆದ್ದಿದೆಯೇ, ಸ್ಪರ್ಶಫಲಕ ಸರಿಯಾಗಿ ಒತ್ತುವುದಿಲ್ಲವೇ? ಹಾಗಿದ್ದರೆ ಒಳಗಿನ ಲಿಥಿಯಮ್ ಬ್ಯಾಟರಿ ಊದಿಕೊಂಡಿರುವ ಸಂಭವವುಂಟು. ಅಂತಹ ಯಂತ್ರವನ್ನು ಕಾಯಿಸಲೇಕೂಡದು. ಬ್ಯಾಟರಿಯನ್ನು ತಿಳಿದವರಿಂದ ತೆಗೆಸಿದ ಮೇಲೆಯೇ ಮುಂದಿನ ಮಾತು. ಆರೋಗ್ಯವಾದ ಬ್ಯಾಟರಿಗೂ ಕಾವು ಹಿತವಲ್ಲ. ಆದುದರಿಂದ ಪರೀಕ್ಷೆಗೆ ಮೊದಲೇ ಅದನ್ನು ತುಂಬಿಸಿಕೊಂಡರೆ ಚಾರ್ಜಿಂಗಿನ ಕಾವು ಪರೀಕ್ಷೆಯ ಕಾವಿನೊಡನೆ ಸೇರುವುದಿಲ್ಲ.

ಲ್ಯಾಪ್‌ಟಾಪನ್ನು ಗಟ್ಟಿಯಾದ ಸಮತಲ ಮೇಜಿನ ಮೇಲಿರಿಸಬೇಕು. ಹಾಸಿಗೆಯಾಗಲಿ ಚಾಪೆಯ ಮೇಲಿನ ದಿಂಬಾಗಲಿ ತಳದ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ತೊಡೆಯ ಮೇಲಂತೂ ಇಡಬಾರದು. ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು 1947ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ 44 ಡಿಗ್ರಿಯಷ್ಟೇ ಬಿಸಿಯಾದ ವಸ್ತುವೂ ಆರು ಗಂಟೆಗಳ ಕಾಲ ತಾಗಿಕೊಂಡಿದ್ದರೆ ಚರ್ಮವನ್ನು ಸುಡಬಲ್ಲದು. ಸುಡುವ ಅನುಭವವಿಲ್ಲದೆಯೇ ಸುಟ್ಟಿರುವುದೇ ಇಲ್ಲಿಯ ಅಪಾಯ.

ಯಂತ್ರದೊಡನೆ ಬಂದ ಅಥವಾ ಅದೇ ವಾಟಿನ ಅಡಾಪ್ಟರನ್ನು ಜೋಡಿಸಬೇಕು. ಬ್ಯಾಟರಿಯಿಂದ ನಡೆಯುವಾಗ ಗ್ರಾಫಿಕ್ಸ್ ಚಿಪ್ಪಿಗೆ ದೊರೆಯುವ ವಿದ್ಯುತ್ತು ಕಡಮೆ. ಆಗಿನ ಅಳತೆಗೆ ಅರ್ಥವಿಲ್ಲ. ನಡುವೆ ವಿದ್ಯುತ್ ಹೋದರೆ ಆ ಪರೀಕ್ಷೆಯನ್ನು ಬಿಟ್ಟು ಮತ್ತೊಮ್ಮೆ ಮೊದಲಿನಿಂದ ಪ್ರಾರಂಭಿಸಬೇಕು. ಮಾಡುತ್ತಿರುವ ಕೆಲಸವನ್ನೆಲ್ಲ ಮೊದಲೇ ಉಳಿಸಿಕೊಂಡಿರಬೇಕು. ಯಂತ್ರದಿಂದ ಒಂದು ಮೀಟರು ದೂರದಲ್ಲಿ, ಬಿಸಿಗಾಳಿ ತಾಗದ ಕಡೆಯಲ್ಲಿ, ಸಾಧಾರಣ ಉಷ್ಣಮಾಪಕವನ್ನಿರಿಸಿ ಕೋಣೆಯ ಉಷ್ಣತೆಯನ್ನು ಬರೆದುಕೊಳ್ಳಬೇಕು. ಈ ಒಂದು ಅಂಕಿಯಿಲ್ಲದೆ ಉಳಿದುವೆಲ್ಲ ವ್ಯರ್ಥ.

ಪರೀಕ್ಷೆಯ ಕ್ರಮ

ಮೊದಲು ಯಾವ ಕೆಲಸವನ್ನೂ ಕೊಡದೆ ಐದು ನಿಮಿಷ ಬಿಟ್ಟು ಉಷ್ಣತೆಯನ್ನು ಗುರುತುಮಾಡಿಕೊಳ್ಳಿ. ಬಳಿಕ ಸಾಧಾರಣ ಭಾರದ ಮೂರು ಆಯಾಮದ ದೃಶ್ಯವೊಂದನ್ನು ಐದು ನಿಮಿಷ ನಡೆಸಿ. ಖಾನಾಪುರದ ಕುಂಬಾರರ ಆವಿಗೆಯಲ್ಲಿ ಉರಿಯನ್ನು ಒಮ್ಮೆಗೇ ಏರಿಸದೆ ಮೆಲ್ಲನೆ ಏರಿಸುವುದು ಹಸಿಮಣ್ಣು ಬಿರಿಯದಿರಲೆಂದು. ಚಿಪ್ಪಿಗೆ ಅಷ್ಟು ನಾಜೂಕಿನ ಅಗತ್ಯವಿಲ್ಲವಾದರೂ ದೋಷವುಳ್ಳ ಯಂತ್ರವು ಸಾಧಾರಣ ಭಾರದಲ್ಲಿಯೇ ತನ್ನ ದೋಷವನ್ನು ಹೇಳಿಬಿಡಬಹುದು. ಆಗ ಹೆಚ್ಚಿನ ಕಾವಿನ ಪ್ರಯೋಜನವೇ ಇರುವುದಿಲ್ಲ.

ಆಮೇಲೆ ಪೂರ್ಣಭಾರದ ಪರೀಕ್ಷೆ. ಫರ್‌ಮಾರ್ಕ್ ಎಂಬ ತಂತ್ರಾಂಶವು ರೋಮ ತುಂಬಿದ ಉಂಗುರವೊಂದನ್ನು ತೆರೆಯ ಮೇಲೆ ತಿರುಗಿಸುತ್ತ ಚಿಪ್ಪಿಗೆ ಬಿಡುವಿಲ್ಲದ ಕೆಲಸ ಕೊಡುತ್ತದೆ. ಉಷ್ಣತೆ, ವಾಟ್, ಆವೃತ್ತಿ, ಪಂಖದ ವೇಗ ಈ ನಾಲ್ಕನ್ನೂ ನಿಮಿಷಕ್ಕೊಮ್ಮೆ ಬರೆದುಕೊಂಡು ಕಾಲಕ್ಕೆ ಎದುರಾಗಿ ನಕ್ಷೆ ಬರೆಯಿರಿ. ಉಷ್ಣತೆಯ ರೇಖೆ ಮೊದಲು ಕಡಿದಾಗಿ ಏರಿ, ಕ್ರಮೇಣ ಬಾಗಿ, ಕಡೆಗೆ ಸಮತಲವಾಗುತ್ತದೆ. ನ್ಯೂಟನ್ನನ ತಂಪುಗೊಳ್ಳುವ ನಿಯಮದ ಇನ್ನೊಂದು ಮುಖವಿದು. ತಂಪುಕಾರಕ ವ್ಯವಸ್ಥೆಯ ಕಾಲಾಂಕ ಮೂರು ನಿಮಿಷವೆಂದಿಟ್ಟುಕೊಂಡರೆ, ಅದರ ಐದು ಪಟ್ಟಾದ 15 ನಿಮಿಷಗಳಲ್ಲಿ ಏರಬೇಕಾದುದರ ಶೇಕಡಾ 99ಕ್ಕಿಂತ ಹೆಚ್ಚು ಏರಿಬಿಟ್ಟಿರುತ್ತದೆ. ಐದು ನಿಮಿಷಗಳ ಕಾಲ ರೇಖೆಯು ಒಂದು ಡಿಗ್ರಿಗಿಂತ ಹೆಚ್ಚು ಅಲುಗದಿದ್ದರೆ ಯಂತ್ರವು ತನ್ನ ಉತ್ತರವನ್ನು ಕೊಟ್ಟಿತೆಂದೇ ಅರ್ಥ. ಆಗ ಶಾಖರೋಧವನ್ನು ಲೆಕ್ಕಹಾಕಿ ಪರೀಕ್ಷೆಯನ್ನು ನಿಲ್ಲಿಸಬೇಕು. ರಾತ್ರಿಯೆಲ್ಲ ನಡೆಸಿ ಬೆಳಗಾಗಿ ನೋಡುವೆನೆಂಬ ಹಟದಿಂದ ಉಷ್ಣದ ವಿಷಯದಲ್ಲಿ ಹೊಸದೇನೂ ತಿಳಿಯದು.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಬೇಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ಪಿಗೂ ಪ್ರಧಾನ ಸಂಸ್ಕಾರಕಕ್ಕೂ ಶಾಖನಳಿಗೆಗಳು ಒಂದೇ. ಆದುದರಿಂದ ಎರಡು ಪರೀಕ್ಷೆಗಳನ್ನು ಹೋಲಿಸುವಾಗ ಪಂಖದ ಕ್ರಮವೂ ಸಂಸ್ಕಾರಕದ ಭಾರವೂ ಒಂದೇ ಆಗಿರಬೇಕು. ಎರಡನೆಯದಾಗಿ, ಫರ್‌ಮಾರ್ಕಿನಲ್ಲಿ ಗೆದ್ದ ಯಂತ್ರವು ಎಲ್ಲ ಕೆಲಸಗಳಲ್ಲಿಯೂ ಗೆಲ್ಲುವುದೆಂದು ಭಾವಿಸಬಾರದು. ಅಷ್ಟು ಭಾರದಲ್ಲಿ ವಾಟಿನ ಮೇರೆಗೆ ಸಿಕ್ಕಿ ಚಿಪ್ಪಿನ ಆವೃತ್ತಿ ತಾನಾಗಿ ತಗ್ಗಿರುತ್ತದೆ. ಮೇಲಿನ ಆವೃತ್ತಿಗಳು ಪರೀಕ್ಷೆಗೆ ಒಳಗಾಗುವುದೇ ಇಲ್ಲ. ತಪ್ಪು ಲೆಕ್ಕಗಳನ್ನು ಹಿಡಿಯಲು ಭಾರವು ಏರುತ್ತ ಇಳಿಯುತ್ತ ಇರುವ ದೃಶ್ಯಗಳು ಮೇಲು. ತ್ರೀಡಿಮಾರ್ಕ್ ಎಂಬ ತಂತ್ರಾಂಶವು ದೃಶ್ಯವೊಂದನ್ನು 20 ಬಾರಿ ಆವರ್ತಿಸಿ, ಅತಿ ನಿಧಾನವಾದ ಆವರ್ತನೆಯ ವೇಗವು ಅತಿ ವೇಗವಾದುದರ ಶೇಕಡಾ 97ರಷ್ಟಾದರೂ ಇದ್ದರೆ ತೇರ್ಗಡೆಯೆನ್ನುತ್ತದೆ. ಒಂದು ಪರೀಕ್ಷೆ ತಂಪುಕಾರಕಕ್ಕೆ, ಇನ್ನೊಂದು ಚಿಪ್ಪಿನ ನಿಷ್ಠೆಗೆ.

ಎಲ್ಲಿ ನಿಲ್ಲಿಸಬೇಕು

ದ್ರವಚಾಲಿತ ಯಂತ್ರಗಳ ಸಿಲಿಂಡರುಗಳನ್ನು ಕಾರ್ಖಾನೆಗಳಲ್ಲಿ ಪರೀಕ್ಷಿಸುವಾಗ ಕೆಲಸದ ಒತ್ತಡಕ್ಕಿಂತ ಹೆಚ್ಚಿನ, ಸಾಮಾನ್ಯವಾಗಿ ಒಂದೂವರೆ ಪಟ್ಟು ಒತ್ತಡವನ್ನು ಹಾಕಿ ನೋಡುವುದುಂಟು. ಆ ಹೆಚ್ಚಳಕ್ಕೆ ತಕ್ಕಂತೆ ಲೋಹದ ದಪ್ಪವನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಲ್ಯಾಪ್‌ಟಾಪನ್ನು ಹೀಗೆ ಮೇರೆ ಮೀರಿಸಿ ಪರೀಕ್ಷಿಸುವ ಹಕ್ಕು ನಮಗಿಲ್ಲ. ಚಿಪ್ಪಿನ ರಕ್ಷಣೆಯ ಮೇರೆಗಳನ್ನು ಸಡಿಲಿಸುವುದು, ಪಂಖವನ್ನು ತಡೆಯುವುದು, ಗಾಳಿಕಿಂಡಿಗಳನ್ನು ಮುಚ್ಚಿ ನೋಡುವುದು ಇವು ಯಾವುವೂ ಪರೀಕ್ಷೆಯಲ್ಲ. ಚಿಪ್ಪಿಗೆ ಉಷ್ಣಮಾಪಕವಿದ್ದರೂ ಅದರ ಸುತ್ತಲಿನ ಸ್ಮೃತಿಕೋಶಗಳಿಗೂ ವೋಲ್ಟೇಜನ್ನು ನಿಯಂತ್ರಿಸುವ ಭಾಗಗಳಿಗೂ ಎಲ್ಲ ಯಂತ್ರಗಳಲ್ಲಿ ಕಾವಲು ಇರುವುದಿಲ್ಲವೆಂಬುದನ್ನು ಮರೆಯಬಾರದು.

ತೆರೆಯ ಮೇಲೆ ಬಣ್ಣದ ಚುಕ್ಕೆಗಳೂ ಹರಿದ ತ್ರಿಕೋಣಗಳೂ ಕಂಡರೆ ಸ್ಮೃತಿಕೋಶ ಅಥವಾ ಚಿಪ್ಪು ತಪ್ಪುತ್ತಿದೆಯೆಂದು ತಿಳಿದು ಆ ಕ್ಷಣವೇ ನಿಲ್ಲಿಸಬೇಕು. ಸುಟ್ಟ ವಾಸನೆ, ಪಂಖದ ಕಿರುಗುಟ್ಟುವ ಸದ್ದು, ಕೈಯಿಡಲಾಗದಷ್ಟು ಕಾದ ಅಡಾಪ್ಟರು, ತಾನಾಗಿ ಆರಿಹೋಗುವ ಯಂತ್ರ ಇವು ಇತರ ಚಿಹ್ನೆಗಳು. ನಿಲ್ಲಿಸಿದೊಡನೆ ಯಂತ್ರವನ್ನು ಮುಚ್ಚದೆ, ಪಂಖ ತಿರುಗುತ್ತಿರುವಂತೆಯೇ ಐದು ಹತ್ತು ನಿಮಿಷ ಬಿಟ್ಟು ತಣಿಯಗೊಡಬೇಕು. ಪರೀಕ್ಷೆ ನಡೆಯುವಾಗ ಅದನ್ನು ಒಂಟಿಯಾಗಿ ಬಿಟ್ಟುಹೋಗಬಾರದು.

ಒಲೆಯ ಮದ್ದು

ಕೆಟ್ಟುಹೋದ ಗ್ರಾಫಿಕ್ಸ್ ಕಾರ್ಡನ್ನು ಅಡುಗೆಮನೆಯ ವಿದ್ಯುದೊಲೆಯಲ್ಲಿ ಬೇಯಿಸಿದರೆ ಮತ್ತೆ ಜೀವ ಬರುವುದೆಂಬ ಮಾತು ಒಂದು ಕಾಲದಲ್ಲಿ ಬಹಳವಾಗಿ ಹಬ್ಬಿತ್ತು. ಅದಕ್ಕೆ ಹಿನ್ನೆಲೆಯೊಂದುಂಟು. ತಮ್ಮ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಜೋಡಣೆಯ ಸಾಮಗ್ರಿಯ ದೌರ್ಬಲ್ಯದಿಂದ ಹೆಚ್ಚಾಗಿ ಕೆಡುತ್ತಿವೆಯೆಂದು ಎನ್‌ವಿಡಿಯ ಸಂಸ್ಥೆಯು 2008ರ ಜುಲೈಯಲ್ಲಿ ತಿಳಿಸಿ, ಅದಕ್ಕಾಗಿ 15ರಿಂದ 20 ಕೋಟಿ ಡಾಲರುಗಳನ್ನು ತೆಗೆದಿರಿಸಿತು.

ಕಾರಣವು ಭೌತಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಇದೆ. ಸಿಲಿಕಾನು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 2.6 ಭಾಗ ಹಿಗ್ಗಿದರೆ, ಅದು ಕುಳಿತಿರುವ ಫಲಕವು 16 ಭಾಗದಷ್ಟು ಹಿಗ್ಗುತ್ತದೆ. 12 ಮಿಲಿಮೀಟರು ಅಗಲದ ಚಿಪ್ಪು 60 ಡಿಗ್ರಿ ಕಾದಾಗ ಅದರ ಅಂಚಿಗೂ ಕೆಳಗಿನ ಫಲಕಕ್ಕೂ ಮಿಲಿಮೀಟರಿನ 200ನೆಯ ಒಂದು ಪಾಲಿನಷ್ಟು ಸೆಳೆತ ಉಂಟಾಗುತ್ತದೆ. ನಡುವಿನ ಬೆಸುಗೆಯ ಪುಟ್ಟ ಗುಳಿಗೆಗಳು ಈ ಸೆಳೆತವನ್ನು ತಾಳಬೇಕು. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತ ಹೋದರೆ ಅದು ಬಳಲಿ ಮುರಿಯುವಂತೆ, ಸಾವಿರಾರು ಬಾರಿ ಕಾದು ತಣಿದ ಗುಳಿಗೆಯೂ ಬಿರುಕು ಬಿಡುತ್ತದೆ. ಇಲ್ಲಿ ಕೆಡುಕು ಮಾಡುವುದು ಕಾವು ಮಾತ್ರವಲ್ಲ, ಕಾದು ತಣಿಯುವ ಆವರ್ತನೆ. ಅನಾವಶ್ಯಕವಾಗಿ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬಾರದೆಂಬುದಕ್ಕೆ ಇದೂ ಒಂದು ಕಾರಣ.

ಒಲೆಯಲ್ಲಿ ಕಾಯಿಸಿದಾಗ ಬಿರುಕಿನ ಬಾಯಿ ಕೂಡಿಕೊಂಡು ಕೆಲವು ದಿನ ಕೆಲಸ ನಡೆಯಬಹುದು. ಸೀಸವಿಲ್ಲದ ಬೆಸುಗೆ ಕರಗಲು 217 ಡಿಗ್ರಿಗಳಿಗಿಂತ ಹೆಚ್ಚು ಕಾವು ಬೇಕು. ಆ ಕಾವಿಗೆ ಸುತ್ತಲಿನ ಪ್ಲಾಸ್ಟಿಕ್ಕೂ ಇತರ ಭಾಗಗಳೂ ಹಾಳಾಗುತ್ತವೆ. ಲ್ಯಾಪ್‌ಟಾಪುಗಳಲ್ಲಿ ಚಿಪ್ಪು ಬಹುಮಟ್ಟಿಗೆ ಮುಖ್ಯ ಫಲಕಕ್ಕೇ ಬೆಸೆದಿರುವುದರಿಂದ ಯಂತ್ರವೆಲ್ಲವೂ ಒಲೆಯ ಪಾಲಾಗುತ್ತದೆ. ಅದರಿಂದೇಳುವ ಹೊಗೆ ವಿಷಕರ. ಆ ಒಲೆಯಲ್ಲಿ ಮುಂದೆ ಆಹಾರವನ್ನು ಬೇಯಿಸುವುದೂ ಅಪಾಯ. ಕೆಲವು ದಿನ ಮಾತ್ರ ಬದುಕುವ ಇಂತಹ ಯಂತ್ರವನ್ನು ತಿಳಿಯದವರಿಗೆ ಮಾರುವುದು ಅನ್ಯಾಯವೂ ಹೌದು. ಕೊಳ್ಳುವವರು ಹದಿನೈದು ನಿಮಿಷದ ಪರೀಕ್ಷೆಯನ್ನು ಕೇಳಲು ಸಂಕೋಚಪಡಬಾರದು. ಮಾರುವವರು ಒಪ್ಪದಿದ್ದರೆ ಆ ಯಂತ್ರವನ್ನು ಬಿಡುವುದೇ ಲೇಸು.

ಪರೀಕ್ಷೆಯಲ್ಲಿ ಶಾಖರೋಧ ಹೆಚ್ಚೆಂದು ಕಂಡುಬಂದರೆ ಗಾಬರಿಪಡುವ ಕಾರಣವಿಲ್ಲ. ಬಹುತೇಕ ಸಂದರ್ಭಗಳಲ್ಲಿ ಧೂಳು ತೆಗೆಸಿ ಹೊಸ ಲೇಪ ಹಾಕಿಸಿದರೆ ಅದು ಇಳಿಯುತ್ತದೆ. ಅದೂ ಸಾಲದಿದ್ದರೆ ಆವೃತ್ತಿಯ ಮೇರೆಯನ್ನು ಸ್ವಲ್ಪ ತಗ್ಗಿಸಿ, ಹಿಂದೆ ಹೇಳಿದ ವರ್ಗದ ನಿಯಮದ ಲಾಭವನ್ನು ಪಡೆಯಬಹುದು. ಶುದ್ಧಿಮಾಡಿಸುವ ಮೊದಲೊಮ್ಮೆ, ಮಾಡಿಸಿದ ಮೇಲೊಮ್ಮೆ, ಅನಂತರ ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕು. ಪ್ರತಿಸಲವೂ ದಿನಾಂಕ, ಕೋಣೆಯ ಉಷ್ಣತೆ, ಚಿಪ್ಪಿನ ಉಷ್ಣತೆ, ವಾಟ್, ಆವೃತ್ತಿ, ಶಾಖರೋಧ ಈ ಆರನ್ನು ನೋಟುಪುಸ್ತಕದ ಒಂದು ಸಾಲಿನಲ್ಲಿ ಬರೆದಿಡಬೇಕು. ವ್ಯಾಸಂಗ ಮುಗಿದು ಯಂತ್ರವನ್ನು ಇನ್ನೊಬ್ಬ ವಿದ್ಯಾರ್ಥಿಗೆ ಮಾರುವ ದಿನ ಬಂದಾಗ ಆ ಪುಟವನ್ನೂ ಅದರೊಡನೆ ಕೊಡಿ. ತಾನು ಕೊಳ್ಳುತ್ತಿರುವುದು ಏನೆಂದು ಅವನಿಗೆ ತಿಳಿದಿರುತ್ತದೆ.